ಮನೇಲಿ ದಿನಾ ಥ್ಯಾಂಕ್ಸ್ ಹೇಳಿಸ್ಬೇಕಾ? ಮಗ ಗೇಲಿ ಮಾಡ್ತಾನೆ, ಅತ್ತೆ ಬೇಜಾರು ಮಾಡ್ಕೊಂಡಿದಾರೆ

ಪ್ರಶ್ನೆ:

ಮೇಡಂ, ನಮ್ದು ಬೆಂಗಳೂರು, ನಾನು ಬ್ಯಾಂಕಲ್ಲಿ ಕೆಲಸ ಮಾಡ್ತೀನಿ. ಮನೇಲಿ ಐದು ಜನ, ನಾನು, ನಮ್ಮನೆಯವ್ರು, ಎಂಟನೇ ಕ್ಲಾಸ್ ಮಗ, ಎರಡನೇ ಕ್ಲಾಸ್ ಮಗಳು, ಆಮೇಲೆ ನಮ್ಮತ್ತೆ. ಅತ್ತೆ ಗದಗ ಕಡೆಯವ್ರು, ಮಾವ ತೀರ್ಕೊಂಡ್ಮೇಲೆ ನಮ್ಜೊತೆಗೇ ಇದಾರೆ. ಎರಡು ತಿಂಗಳ ಹಿಂದೆ ಒಂದು ರೀಲ್ ನೋಡಿ ಊಟದ ಟೇಬಲ್ ಮೇಲೆ ಗಾಜಿನ ಬಾಟಲಿ ಇಟ್ಟೆ. ರಾತ್ರಿ ಊಟಕ್ಕೆ ಮುಂಚೆ ಎಲ್ರೂ ಆ ದಿನ ಥ್ಯಾಂಕ್ಸ್ ಹೇಳ್ಬೇಕಾದ ಮೂರು ವಿಷಯ ಚೀಟೀಲಿ ಬರೆದು, ಓದಿ, ಬಾಟಲಿಗೆ ಹಾಕ್ಬೇಕು. 21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗ್ಬಿಡುತ್ತೆ ಅಂದಿದ್ರು ಅದ್ರಲ್ಲಿ. ಮೊದಲ ವಾರ ಎಲ್ರೂ ಖುಷಿಯಾಗೇ ಮಾಡಿದ್ರು. ಆಮೇಲೆ ಮಗ ಮೂರು ಚೀಟೀಲೂ 'ವೈಫೈಗೆ ಥ್ಯಾಂಕ್ಸ್' ಅಂತ ಬರೆದು ಹಾಕೋಕೆ ಶುರು ಮಾಡ್ದ, ನಾನು ಬೈದೆ, ಅವ್ನು ಊಟ ಬಿಟ್ಟು ಎದ್ದೋದ. ಯಾರೂ ತನ್ನ ಹೆಸರು ಹೇಳ್ಲಿಲ್ಲ ಅಂತ ಮಗಳು ಅತ್ಲು. ನಮ್ಮನೆಯವ್ರು ಫೋನ್ ನೋಡ್ತಾನೇ 'ಎಲ್ಲದಕ್ಕೂ ಥ್ಯಾಂಕ್ಸ್' ಅಂತಾರೆ. ಅತ್ತೆ ಅಂತೂ 'ಮನಿ ಮಂದಿಗೆ ಎಂಥಾ ಥ್ಯಾಂಕ್ಸ್ ವಾ, ಋಣ ಹರ್ಕೊಂಡಂಗ ಆಕ್ಕತಿ' ಅಂತ ಬೇಜಾರು ಮಾಡ್ಕೊಂಡು ಈಗ ನಾವು ಕೂರೋಕೆ ಮುಂಚೆನೇ ಊಟ ಮುಗಿಸ್ಬಿಡ್ತಾರೆ. 19ನೇ ದಿನಕ್ಕೆ ನಿಂತೋಯ್ತು. ಈಗಿನ ಮಕ್ಕಳಿಗೆ ಕೃತಜ್ಞತೆನೇ ಇಲ್ಲ ಅನ್ಸುತ್ತೆ. ಹೋದ ತಿಂಗಳು ನಾನು ಜ್ವರ ಬಂದು ಮಲಗಿದ್ದಾಗ್ಲೂ 'ಹೇಗಿದೀಯಮ್ಮ' ಅಂತ ಮಗ ಒಂದು ಮಾತು ಕೇಳ್ಲಿಲ್ಲ, ಅದೇನೋ ಕುಕ್ಕರಲ್ಲಿ ಅನ್ನ ಇಡೋಕೆ ಹೋಗಿ ನೀರು ಜಾಸ್ತಿಯಾಗಿ ಒಲೆ ತುಂಬಾ ಗಂಜಿ ಮಾಡಿಟ್ಟಿದ್ದ ಅಷ್ಟೆ. ಮತ್ತೆ ಮೊದಲಿಂದ ಶುರು ಮಾಡ್ಬೇಕಾ? ಬಲವಂತ ಮಾಡಿದ್ರೆ ತಪ್ಪಾ? ಬೆಳಗ್ಗೆ ಐದಕ್ಕೆ ಎದ್ದು ಎಲ್ರಿಗೂ ಮಾಡಿಟ್ಟು ಹೋಗೋ ನನಗೆ ದಿನಕ್ಕೊಂದು ಥ್ಯಾಂಕ್ಸ್ ಕೇಳೋ ಹಕ್ಕೂ ಇಲ್ವಾ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದ್ದೆ. ಮೊದಲ್ನೇ ಸಲ ಇದು ಬಾಟಲಿ ಬಗ್ಗೆ ಇರೋ ಪ್ರಶ್ನೆ ಅನ್ಸ್ತು, ಎರಡ್ನೇ ಸಲ ಕೊನೇ ಸಾಲಿಗೆ ಬಂದು ನಿಂತ್ಬಿಟ್ಟೆ, ಆ ಐದು ಗಂಟೆಗೆ ಏಳೋ ಸಾಲು. ನನ್ನ ಲೆಕ್ಕದಲ್ಲಿ ನಿಮ್ಮ ನಿಜವಾದ ಪ್ರಶ್ನೆ ಅದೇ, ಬಾಟಲಿ ಅದಕ್ಕೆ ಹಾಕಿರೋ ಮುಚ್ಚಳ. ಅಲ್ಲಿಗೆ ಬರ್ತೀನಿ, ಆದ್ರೆ ನೀವು ನೇರವಾಗಿ ಕೇಳಿರೋದಕ್ಕೆ ಮೊದಲು ಉತ್ತರ ಕೊಡ್ಬೇಕಲ್ಲ: ಮಗನಿಗೆ ಕೃತಜ್ಞತೆ ಇಲ್ವಾ, ಮತ್ತೆ ಒಂದನೇ ದಿನದಿಂದ ಶುರು ಮಾಡ್ಬೇಕಾ, ಬಲವಂತ ಮಾಡ್ಬಹುದಾ ಅಂತ. ಅಂದಹಾಗೆ ಆ ಕುಕ್ಕರ್ ಅನ್ನದ ವಿಷಯ ನೀವು 'ಅಷ್ಟೆ' ಅಂತ ದಾಟಿ ಹೋಗಿದೀರ, ನಾನು ಅಲ್ಲಿ ಪೆನ್ಸಿಲಲ್ಲಿ ಗೆರೆ ಎಳೆದಿಟ್ಟಿದೀನಿ.

21 ದಿನದ ಕಥೆ ಮೊದಲು ಮುಗಿಸ್ಬಿಡೋಣ, ಯಾಕಂದ್ರೆ 19ಕ್ಕೆ ನಿಂತೋಯ್ತು, ಇನ್ನೆರಡೇ ದಿನ ಇತ್ತು ಅನ್ನೋ ಕೊರಗು ನಿಮ್ಮ ಬರವಣಿಗೇಲಿ ಕಾಣ್ತಿದೆ. ಈ 21 ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನಿಂದ. ಮೂಗು ಮುಖ ಆಪರೇಷನ್ ಮಾಡಿಸ್ಕೊಂಡವ್ರಿಗೆ ಕನ್ನಡೀಲಿ ಕಾಣೋ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಮ್ಮಿ ಅಂದ್ರೂ 21 ದಿನ ಬೇಕಾಗುತ್ತೆ ಅಂತ ಅವರು 1960ರಲ್ಲಿ ಬರೆದಿದ್ರು. ಹೇಳ್ತಾ ಹೇಳ್ತಾ ಆ 'ಕಮ್ಮಿ ಅಂದ್ರೂ' ಅನ್ನೋದು ಬಿದ್ದೋಯ್ತು, ಮೂಗಿನ ವಿಷಯನೂ ಬಿದ್ದೋಯ್ತು, 21 ಮಾತ್ರ ಉಳೀತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪಾ ಲ್ಯಾಲಿ ಮತ್ತವರ ಜೊತೆಗಾರರು 96 ಜನರನ್ನ ಇಟ್ಕೊಂಡು ಇದನ್ನ ಅಳೆದಾಗ ಒಂದು ಸಣ್ಣ ಅಭ್ಯಾಸ ತಾನಾಗೇ ನಡೆಯೋ ಹಂತಕ್ಕೆ ಬರೋಕೆ ಸರಾಸರಿ 66 ದಿನ ಬೇಕಾಯ್ತು, ಕೆಲವ್ರಿಗೆ 18, ಕೆಲವ್ರಿಗೆ 254. ಅದೂ ಊಟ ಆದ್ಮೇಲೆ ಒಂದು ಲೋಟ ನೀರು ಕುಡಿಯೋದು, ಒಂದು ಹಣ್ಣು ತಿನ್ನೋದು ಅಂತ ಒಬ್ಬೊಬ್ರೇ ಮಾಡೋ ಕೆಲಸಗಳು. ಐದು ಜನ, ಮೂರು ತಲೆಮಾರು, ಒಂದೇ ಟೇಬಲ್ಲಲ್ಲಿ ಕೂತು ಮನಸಲ್ಲಿರೋದು ಬಿಚ್ಚಿ ಹೇಳೋದನ್ನ ಮೂರು ವಾರದಲ್ಲಿ ಅಭ್ಯಾಸ ಮಾಡಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಅದೇ ಅಧ್ಯಯನದಲ್ಲಿ ನಿಮಗೆ ಸಮಾಧಾನ ಕೊಡೋ ವಿಷಯನೂ ಇದೆ, ನಡುವೆ ಒಂದು ದಿನ ತಪ್ಪಿಹೋದ್ರೆ ಅಂಥ ವ್ಯತ್ಯಾಸ ಏನೂ ಆಗ್ಲಿಲ್ಲ.

ಇನ್ನು ದಿನಾ ಮಾಡ್ಲೇಬೇಕಾ ಅನ್ನೋದು. ಈ ಕೃತಜ್ಞತೆ ಡೈರಿ ಹವಾ ಶುರುವಾಗಿದ್ದೇ ಹೆಚ್ಚುಕಮ್ಮಿ 2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲ್ಲಫ್ ಪ್ರಕಟಿಸಿದ ಅಧ್ಯಯನದಿಂದ. ಕೆಲವ್ರಿಗೆ ಒಳ್ಳೇದಾಗಿದ್ದನ್ನ ಬರೀರಿ ಅಂದ್ರು, ಕೆಲವ್ರಿಗೆ ಕಿರಿಕಿರಿಗಳನ್ನ ಬರೀರಿ ಅಂದ್ರು, ಇನ್ನು ಕೆಲವ್ರಿಗೆ ಸುಮ್ನೆ ನಡೆದಿದ್ದು ಬರೀರಿ ಅಂದ್ರು. ಒಳ್ಳೇದು ಬರೆದವ್ರಿಗೆ ತಮ್ಮ ಬದುಕಿನ ಬಗ್ಗೆ ಇನ್ನೊಂಚೂರು ಒಳ್ಳೆ ಅಭಿಪ್ರಾಯ ಬಂತು. ಅದರಲ್ಲಿ ಮೊದಲ ಪ್ರಯೋಗ ವಾರಕ್ಕೊಂದ್ಸಲ, ಹತ್ತು ವಾರ ನಡೆದಿದ್ದು, ಇದನ್ನ ಯಾವ ರೀಲಲ್ಲೂ ಹೇಳಲ್ಲ. ದಿನಾ ಬರೆಸಿದ ಪ್ರಯೋಗಗಳಲ್ಲೂ ಲಾಭ ಕಂಡಿದೆ, ಆದ್ರೆ ಅವು ಎರಡು ಮೂರು ವಾರದ್ದು. ಆಮೇಲೆ ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನೋರು ಆರು ವಾರ ಒಂದು ಗುಂಪಿಗೆ ವಾರಕ್ಕೊಂದ್ಸಲ, ಇನ್ನೊಂದು ಗುಂಪಿಗೆ ವಾರಕ್ಕೆ ಮೂರು ಸಲ ಬರೆಸಿ ನೋಡಿದ್ರು, ಖುಷಿ ಜಾಸ್ತಿಯಾಗಿದ್ದು ವಾರಕ್ಕೊಂದ್ಸಲ ಬರೆದವ್ರಿಗೆ ಮಾತ್ರ. ಮೂರು ಸಲದವ್ರಿಗೆ ಅದು ಹೋಂವರ್ಕ್ ಆಗಿಬಿಟ್ಟಿತ್ತು ಅಂತ ಕಾಣುತ್ತೆ. ರಾತ್ರಿ ಮಲಗೋ ಮುಂಚೆ ಮೂರು ಒಳ್ಳೆ ವಿಷಯ ಬರೆಯೋದು ಮಾರ್ಟಿನ್ ಸೆಲಿಗ್ಮನ್ ಮತ್ತು ತಂಡ 2005ರಲ್ಲಿ ಪರೀಕ್ಷೆ ಮಾಡಿದ ಕ್ರಮ, ಅವರು ಹೇಳಿದ್ದು ಒಂದೇ ವಾರ ಮಾಡಿ ಅಂತ, ಆರು ತಿಂಗಳಾದ್ಮೇಲೂ ಅದರ ಲಾಭ ಉಳಿದಿದ್ದು ಹೆಚ್ಚಾಗಿ ತಮಗೇ ಇಷ್ಟವಾಗಿ ಮುಂದುವರಿಸ್ಕೊಂಡು ಹೋದವ್ರಲ್ಲಿ. ತಾವಾಗೇ ಮುಂದುವರಿಸಿದವ್ರಲ್ಲಿ ಅನ್ನೋದನ್ನ ಗಮನಿಸಿ.

ಮತ್ತೆ ಇದೆಲ್ಲಾ ಸೇರಿಸಿ ನೋಡಿದ್ರೂ ಲಾಭ ಇರೋದು ಸಣ್ಣದು. ಬೇರೆ ಬೇರೆ ಅಧ್ಯಯನಗಳನ್ನ ಕೂಡಿಸಿ ತೂಗಿದವ್ರು ಖಿನ್ನತೆ ಆತಂಕದ ಮೇಲೆ ಇದರ ಪರಿಣಾಮ ಅಲ್ಪ ಅಂತಲೇ ಹೇಳಿದಾರೆ. ಅಲ್ಪ ಅಂದ್ರೆ ಸುಳ್ಳು ಅಂತಲ್ಲ, ಒಗ್ಗರಣೆಗೆ ಇಂಗಿನ ಹಾಗೆ, ಇದ್ರೆ ಚೆನ್ನಾಗಿರುತ್ತೆ, ಆದ್ರೆ ಬೇಳೆನೇ ಇಲ್ದೆ ಬರೀ ಇಂಗು ಹಾಕಿದ್ರೆ ಸಾರು ಆಗಲ್ಲ.

ನನ್ನ ಹತ್ರ ಸಲಹೆಗೆ ಬರೋ ಒಬ್ಬ ಹುಡುಗಿ ಸ್ಕೂಲಲ್ಲಿ ಹೇಳಿದ್ರು ಅಂತ ಎರಡು ತಿಂಗಳು ಕೃತಜ್ಞತೆ ಡೈರಿ ಬರೆದಿದ್ಲು, ತೋರಿಸು ಅಂದೆ. ಪುಟ ತಿರುವಿ ನೋಡಿದ್ರೆ ದಿನಾ ಅದೇ ಮೂರು ಸಾಲು, ಅಪ್ಪ, ಅಮ್ಮ, ದೇವರು, ಅಪ್ಪ, ಅಮ್ಮ, ದೇವರು, ಭಾನುವಾರದ್ದು ಸೇರಿಸಿ ಒಂದೇ ಪೆನ್ನಲ್ಲಿ ಒಂದೇ ಸಲ ಬರೆದಿದ್ದು ಎದ್ದು ಕಾಣ್ತಿತ್ತು. ಕೆಳಗೆ ಟೀಚರ್ ಹಸಿರು ಇಂಕಲ್ಲಿ 'ಗುಡ್'. ನಕ್ಕೆ, ಅವಳೂ ನಕ್ಳು, ಆಮೇಲೆ 'ಅವತ್ತು ನಮ್ಮ ವ್ಯಾನ್ ಅಂಕಲ್ ನಾನು ಮರೆತಿದ್ದ ಜಾಮಿಟ್ರಿ ಬಾಕ್ಸ್ ವಾಪಸ್ ತಂದ್ಕೊಟ್ರು ಆಂಟಿ, ಪರೀಕ್ಷೆ ದಿನ' ಅಂದ್ಲು. ಅದನ್ನ ಡೈರೀಲಿ ಬರೆದಿರ್ಲಿಲ್ಲ. ಬರೆಯೋಕೆ ಅದು ದೊಡ್ಡ ವಿಷಯ ಅಂತ ಅವಳಿಗೆ ಅನ್ಸಿರ್ಲಿಲ್ಲವಂತೆ.

ಈಗ ನಿಮ್ಮ ಮಗ. 'ಈಗಿನ ಮಕ್ಕಳಿಗೆ ಕೃತಜ್ಞತೆನೇ ಇಲ್ಲ' ಅನ್ನೋದನ್ನ ನಾನು ವೃತ್ತಿಗೆ ಬಂದಾಗಿಂದ ಕೇಳ್ತಾ ಬಂದಿದೀನಿ, ಆಗ ಹಾಗೆ ಅನ್ನಿಸ್ಕೊಂಡ ಮಕ್ಕಳೇ ಈಗ ಅಪ್ಪ ಅಮ್ಮ ಆಗಿ ಬಂದು ತಮ್ಮ ಮಕ್ಕಳ ಬಗ್ಗೆ ಅದನ್ನೇ ಹೇಳ್ತಿದಾರೆ. ಸ್ವಿಟ್ಜರ್ಲೆಂಡಲ್ಲಿ ಫ್ರಾಂಝಿಸ್ಕಾ ಬಾಮ್‌ಗಾರ್ಟನ್ ಟ್ರಾಮರ್ ಅನ್ನೋ ಮನಶ್ಶಾಸ್ತ್ರಜ್ಞೆ 1938ರಲ್ಲೇ ಮಕ್ಕಳಿಗೆ ಎರಡು ಸರಳ ಪ್ರಶ್ನೆ ಕೇಳಿದ್ರು, ನಿನ್ನ ದೊಡ್ಡ ಆಸೆ ಏನು, ಅದನ್ನ ಈಡೇರಿಸಿದವ್ರಿಗೆ ನೀನು ಏನು ಮಾಡ್ತೀಯ ಅಂತ. ಉತ್ತರಗಳು ಬೇರೆ ಬೇರೆ ಥರ ಬಂದ್ವು. ಕೆಲವು ಮಕ್ಕಳು ಬರೀ ಥ್ಯಾಂಕ್ಸ್ ಹೇಳ್ತೀನಿ ಅಂದ್ವು. ಕೆಲವು ತನಗೆ ಇಷ್ಟವಾದ ಆಟದ ಸಾಮಾನನ್ನೇ ಕೊಡ್ತೀನಿ ಅಂದ್ವು, ಎದುರಿಗಿರೋರಿಗೆ ಅದು ಬೇಕಾ ಬೇಡ್ವಾ ಅನ್ನೋದು ಆ ವಯಸ್ಸಿನ ತಲೆಗೆ ಬರಲ್ಲ. ದೊಡ್ಡವಾದ ಹಾಗೆ, ಅವ್ರಿಗೆ ಏನು ಬೇಕು, ಅವ್ರಿಗೆ ಕಷ್ಟ ಬಂದಾಗ ನಾನು ಏನು ಮಾಡ್ಬಹುದು ಅನ್ನೋ ಕಡೆ ಉತ್ತರ ತಿರುಗುತ್ತೆ. ಅಂದ್ರೆ ಬಾಯಲ್ಲಿ ಹೇಳೋ ಥ್ಯಾಂಕ್ಸ್ ಇದ್ರಲ್ಲಿ ತುದಿ ಮೆಟ್ಟಿಲೇನಲ್ಲ, ಮೂರು ವರ್ಷದ ಮಗೂಗೂ ಅದನ್ನ ಹೇಳಿಕೊಡ್ಬಹುದು.

ಹಾಗಾದ್ರೆ ಆ ದಿನ ನಿಮ್ಮ ಅಡುಗೆಮನೇಲಿ ಆಗಿದ್ದೇನು? ಅಮ್ಮ ಜ್ವರದಲ್ಲಿ ಮಲಗಿದಾರೆ, ಯಾರೂ ಹೇಳಿಲ್ಲ, ಹದಿಮೂರು ವರ್ಷದ ಹುಡುಗ ಎದ್ದು ಅಕ್ಕಿ ತೊಳೆದು ಕುಕ್ಕರ್ ಇಟ್ಟಿದಾನೆ. ಎಷ್ಟು ನೀರು ಹಾಕ್ಬೇಕು ಗೊತ್ತಿಲ್ಲ, ಕೇಳೋಕೆ ಬಂದ್ರೆ ನಿಮ್ಮ ನಿದ್ದೆ ಕೆಡುತ್ತೆ ಅಂತ ಇರ್ಬಹುದು, ಅಥವಾ ಅವನಿಗೆ ಅದು ಹೊಳೀದೇನೂ ಇರ್ಬಹುದು. ಸೀಟಿ ಸಂದಿಯಿಂದ ಗಂಜಿ ಉಕ್ಕಿ ಒಲೆ ಮೇಲೆ ಹರಿದಿದೆ. ನಿಮಗೆ ಕಂಡಿದ್ದು ಒಲೆ. ತಪ್ಪು ಅಂತ ಹೇಳ್ತಿಲ್ಲ, ಜ್ವರದಲ್ಲಿ ಎದ್ದು ಬಂದವ್ರಿಗೆ ಒಲೆನೇ ಕಾಣೋದು, ನನಗೂ ಅದೇ ಕಾಣ್ತಿತ್ತು. ಆದ್ರೆ ಅವನ ಕಡೆಯಿಂದ ಒಂದ್ಸಲ ನೋಡಿ, ಅವ್ನು ತನಗೆ ಗೊತ್ತಿರೋ ರೀತೀಲಿ ಹೇಳಿದ್ದಕ್ಕೆ ಒಲೆ ಒರೆಸು ಅನ್ನೋ ಉತ್ತರ ಸಿಕ್ಕಿದೆ, ಚೀಟೀಲಿ ಬರೆದಿದ್ದಕ್ಕೂ ಬೈಗುಳಾನೇ ಸಿಕ್ಕಿದೆ. ವೈಫೈ ಚೀಟಿ ಬರೀದೆ ಇನ್ನೇನು ಬರೀತಾನೆ.

ಆ ವಯಸ್ಸಿಗೆ ಇನ್ನೊಂದಿದೆ. ಯಾವುದೇ ಕೆಲಸ 'ಮಾಡ್ಲೇಬೇಕು' ಅಂದ ತಕ್ಷಣ, ತಾನೇ ಮಾಡ್ಬೇಕು ಅಂದ್ಕೊಂಡಿದ್ದ ಕೆಲಸಾನೂ ಬೇಡ ಅನ್ಸುತ್ತೆ. ನೀವೇ ಪೊರಕೆ ತಗೊಂಡು ಗುಡಿಸೋಕೆ ಹೊರಟಿದ್ದಾಗ ಯಾರೋ 'ಸ್ವಲ್ಪ ಗುಡಿಸು' ಅಂದ್ರೆ ಪೊರಕೆ ಬಿಸಾಕೋಣ ಅನ್ಸಲ್ವಾ, ಹಾಗೇ. ಅದರಲ್ಲೂ ಅಜ್ಜಿ ಅಪ್ಪ ತಂಗಿ ಮುಂದೆ ಓದಿ ಹೇಳ್ಬೇಕು ಅಂದ್ರೆ ಎಂಟನೇ ಕ್ಲಾಸ್ ಹುಡುಗನಿಗೆ ಅದು ಸಭೆ ಮುಂದೆ ಹಾಡು ಅಂದಂಗೆ. ಹಾಗಾಗಿ ಬಲವಂತ ಮಾಡ್ಬಹುದಾ ಅಂದ್ರೆ, ನಡವಳಿಕೆಗೆ ಮಾಡ್ಬಹುದು, ಭಾವನೆಗೆ ಮಾಡೋಕಾಗಲ್ಲ. ತಟ್ಟೆ ಎತ್ತಿ ತೊಳೆದಿಡು, ಡಬ್ಬಿ ಬ್ಯಾಗಿಂದ ತೆಗೆದಿಡು, ವಾಚ್‌ಮನ್ ಅಂಕಲ್ ಗೇಟ್ ತೆಗೆದ್ರೆ ಮುಖ ನೋಡಿ ಮಾತಾಡು, ಇವನ್ನೆಲ್ಲಾ ಕಟ್ಟುನಿಟ್ಟಾಗಿ ಹೇಳಿ, ಹೇಳ್ಲೇಬೇಕು. ಇವತ್ತು ನಿನ್ನ ಮನಸ್ಸಿಗೆ ಮೂರು ಸಲ ಉಪಕಾರ ಅನ್ಸಿರ್ಬೇಕು ಅಂತ ಹೇಳಿದ್ರೆ ಮಾತ್ರ ವೈಫೈ ಬರುತ್ತೆ.

ಅತ್ತೆಯವ್ರ ಮಾತಿಗೆ ಬರ್ತೀನಿ, ಈ ಪತ್ರದಲ್ಲಿ ನನಗೆ ಅತಿ ಇಷ್ಟವಾದ ಮಾತು ಅದೇ. ಮನೆಯವ್ರಿಗೆ ಥ್ಯಾಂಕ್ಸ್ ಹೇಳಿದ್ರೆ ಋಣ ಹರ್ಕೊಂಡಂಗೆ ಅಂದ್ರಲ್ಲ, ಅದು ಹಳೇ ಕಾಲದ ಹಠ ಅಂತ ತಳ್ಳಿಹಾಕ್ಬೇಡಿ. ನಮ್ಮ ಭಾಷೇನೇ ನೋಡಿ, ಧನ್ಯವಾದ ಅನ್ನೋ ಪದ ಇದೆ, ಆದ್ರೆ ಅದು ಇರೋದು ವೇದಿಕೆ ಮೇಲೆ, ವಂದನಾರ್ಪಣೆ ಮಾಡೋರ ಬಾಯಲ್ಲಿ. ಮನೇಲಿ 'ಅಮ್ಮ, ಸಾರಿಗೆ ಧನ್ಯವಾದಗಳು' ಅಂದ್ರೆ ಅಮ್ಮ ಹಣೆ ಮುಟ್ಟಿ ನೋಡ್ತಾರೆ. ನಮ್ಮಲ್ಲಿ ಅದಕ್ಕೆ ಮಾತು 'ಇನ್ನೊಂದು ಸೌಟು ಹಾಕು' ಅನ್ನೋದು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1985ರಲ್ಲಿ ದಕ್ಷಿಣ ಭಾರತದ, ಮುಖ್ಯವಾಗಿ ತಮಿಳು ಸಮಾಜದ ಕೃತಜ್ಞತೆ ಬಗ್ಗೆ ಬರೆದಾಗ್ಲೂ ಇದನ್ನೇ ಗುರುತಿಸಿದ್ರು, ಇಲ್ಲಿ ಅದು ಬಾಯಿ ಮಾತಿಗಿಂತ ನಡೆದುಕೊಳ್ಳೋ ರೀತೀಲಿ ಇರುತ್ತೆ ಅಂತ. ನಾವೊಬ್ರೇ ಹೀಗೆ ಅಂದ್ಕೋಬೇಡಿ. 2018ರಲ್ಲಿ ಐದು ಖಂಡಗಳ ಎಂಟು ಭಾಷೆಗಳ ದಿನನಿತ್ಯದ ಮಾತುಕತೆ ರೆಕಾರ್ಡ್ ಮಾಡಿ ನೋಡಿದ ಒಂದು ಅಧ್ಯಯನ ಬಂತು, ಅದರಲ್ಲಿ ಕನ್ನಡ ಇರ್ಲಿಲ್ಲ, ಇಂಗ್ಲಿಷ್ ಇಟಾಲಿಯನ್ ರಷ್ಯನ್ ಲಾವೋ ಎಲ್ಲ ಇತ್ತು. ಮನೇಲಿ ಸ್ನೇಹಿತ್ರಲ್ಲಿ ಒಬ್ರು ಉಪ್ಪು ಕೊಡು ಅಂದು ಇನ್ನೊಬ್ರು ಕೊಟ್ಟಾಗ ಥ್ಯಾಂಕ್ಸ್ ಬಂದಿದ್ದು ಸುಮಾರು ಇಪ್ಪತ್ತಕ್ಕೆ ಒಂದ್ಸಲ. ಸಾಮಾನ್ಯವಾಗಿ ಜಾಸ್ತಿ ಹೇಳ್ತಾರೆ ಅಂತ ನಾವು ಅಂದ್ಕೊಳ್ಳೋ ಇಂಗ್ಲಿಷಿನವ್ರು ಕೂಡ ಏಳು ಸಲಕ್ಕೆ ಒಂದ್ಸಲ ಹೇಳಿದ್ರೆ ಹೆಚ್ಚು. ಹತ್ತಿರದವ್ರು ಕೇಳಿದ್ರೆ ಕೊಡೋದು ಸಹಜ ಅನ್ನೋ ನಂಬಿಕೆ ಅದು, ಅದಕ್ಕೆ ಬಾಯಿ ಬಿಡಲ್ಲ, ಒರಟುತನ ಅಲ್ಲ.

ಇನ್ನೊಂದು ಎಚ್ಚರಿಕೆ ವಿಷಯ. ಉಪಕಾರ ಮಾಡಿದವ್ರಿಗೆ ಕಾಗದ ಬರೆಯೋ ಅಭ್ಯಾಸವನ್ನ ಅಮೆರಿಕದ ಬಿಳಿಯರಲ್ಲೂ ಭಾರತೀಯರಲ್ಲೂ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಬಂತು, ಭಾರತೀಯರಿಗೆ ಒಳ್ಳೆ ಭಾವನೆ ಜೊತೆಗೇ ತಪ್ಪು ಮಾಡಿದ್ನೇನೋ ಅನ್ನೋ ಅಳುಕು, ದುಃಖನೂ ಬಂತು. ನನಗೆ ಆಶ್ಚರ್ಯ ಆಗ್ಲಿಲ್ಲ. ನಮಗೆ ಯಾರಾದ್ರೂ ಮಾಡಿದ್ದು ನೆನಪಾದ್ರೆ ಜೊತೆಗೇ ನಾನು ತಿರುಗಿ ಏನೂ ಮಾಡ್ಲಿಲ್ವಲ್ಲ ಅಂತ ಬರುತ್ತೆ. ಗಂಡನ್ನ ಕಳ್ಕೊಂಡು, ಊರು ಬಿಟ್ಟು, ಮಗನ ಮನೇಲಿರೋ ಹೆಂಗಸಿಗೆ ದಿನಾ ರಾತ್ರಿ 'ಯಾರು ನಿಮಗೆ ಏನು ಮಾಡಿದ್ರು ಹೇಳಿ' ಅಂದ್ರೆ ಅದು ಹಂಗಿನ ಲೆಕ್ಕ ಕೇಳಿದ ಹಾಗೆ ಕೇಳ್ಸಿರ್ಬಹುದು. ಅವರು ಮುಂಚೆನೇ ಊಟ ಮುಗಿಸ್ತಿರೋದು ಇದಕ್ಕೇ ಇರ್ಬಹುದು ಅಂತ ನನ್ನ ಊಹೆ, ಬಾಟಲಿ ಎತ್ತಿಟ್ಟ ದಿನ ನೀವೇ ಹೋಗಿ 'ಬರ್ರಿ ಅತ್ತಿ, ಕೂಡೇ ಊಟ ಮಾಡೂಣು' ಅಂತ ಕರೀರಿ, ಕಾರಣ ಗೀರಣ ಏನೂ ಕೇಳೋಕೆ ಹೋಗ್ಬೇಡಿ.

ಹಾಗಂತ ಅವ್ರಿಗೆ ಗೊತ್ತಿಲ್ಲ ಅಂತಲ್ಲ, ನಮ್ಮ ನಿಮಗಿಂತ ಚೆನ್ನಾಗಿ ಗೊತ್ತು. ಆ ಕಡೆ ಎಳ್ಳ ಅಮಾಸಿಗೆ ಚರಗ ಚೆಲ್ಲೋದು ಹೇಗೆ ಅಂತ ಮಕ್ಕಳ ಮುಂದೆ ಒಂದ್ಸಲ ಕೇಳಿ ನೋಡಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗಿ ಬುಟ್ಟಿ ಕಟ್ಕೊಂಡು ಚಕ್ಕಡೀಲಿ ಹೊಲಕ್ಕೆ ಹೋಗಿ, ಬೆಳೆ ಕೊಡೋ ಭೂಮಿಗೆ ಮೊದಲು ಉಣ್ಣಿಸಿ ಆಮೇಲೆ ತಾವು ಕೂತು ಉಣ್ಣೋದು, ದಾರೀಲಿ ಸಿಕ್ಕವ್ರನ್ನೂ ಕೂರಿಸ್ಕೊಂಡು. ಅಲ್ಲಿ ಯಾರೂ ಚೀಟಿ ಬರೆಯಲ್ಲ. ಆಯುಧ ಪೂಜೆಗೆ ಬೈಕಿಗೆ ಅರಿಶಿನ ಕುಂಕುಮ ಹಚ್ಚೋದು, ಪುಸ್ತಕಕ್ಕೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ಕೊಳ್ಳೋದು, ಇದೆಲ್ಲ ಅದೇ ಜಾತಿಯದ್ದು. ನಿಮ್ಮ ಮಕ್ಕಳು ಇದನ್ನೆಲ್ಲ ನೋಡಿದಾರೆ, ಯಾಕೆ ಅಂತ ಹೇಳೋರು ಮನೇಲೇ ಇದಾರೆ.

ಮಗಳು ಅತ್ತಿದ್ದು ಚಿಕ್ಕ ವಿಷಯ, ಬೇಗ ಹೇಳಿ ಮುಗಿಸ್ತೀನಿ. ಹೆಸರು ಕೂಗಿ ಥ್ಯಾಂಕ್ಸ್ ಹೇಳೋ ಆಟದಲ್ಲಿ ಏಳು ವರ್ಷದ ಮಗು ಎಣಿಸುತ್ತೆ, ಅಣ್ಣನಿಗೆ ಎಷ್ಟು, ನನಗೆ ಎಷ್ಟು. ಅದು ಬಹುಮಾನ ಹಂಚೋ ಕಾರ್ಯಕ್ರಮ ಆಗ್ಬಿಡುತ್ತೆ. ಅವಳಿಗೆ ಹೇಳೋದಿದ್ರೆ ಮಲಗಿಸೋವಾಗ ಕಿವೀಲಿ ಹೇಳಿ.

ಈಗ ನೀವು. ಬೆಳಗ್ಗೆ ಐದಕ್ಕೆ ಏಳೋದು, ನಾಲ್ಕು ಡಬ್ಬಿ ಕಟ್ಟೋದು, ಬ್ಯಾಂಕಿಂದ ಬಂದ್ಮೇಲೆ ಮತ್ತೆ ಒಲೆ ಮುಂದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೇಲಿ, ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಿದ್ರು, ಮಾಡೋ ಗಂಡಸರು 97 ನಿಮಿಷ. ಮಾಡೋ ಗಂಡಸರು ಅಂದೆ, ಯಾಕಂದ್ರೆ ಆ ದಿನ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26 ಜನ ಮಾತ್ರ, ಹೆಂಗಸರು 81. ಹೀಗಿರೋವಾಗ ನಿಮಗೆ ಬೇಕಾಗಿರೋದು ನಿಜವಾಗ್ಲೂ ಥ್ಯಾಂಕ್ಸಾ? ನನಗೆ ಅನುಮಾನ. ನನ್ನ ಹತ್ರ ಬಂದಿದ್ದ ಒಂದು ಜೋಡಿ ನೆನಪಾಗುತ್ತೆ, ಗುರುತು ಸಿಗದ ಹಾಗೆ ಹೇಳ್ತೀನಿ. ಗಂಡ ದಿನಾ ಊಟ ಆದ್ಮೇಲೆ ತಪ್ಪದೆ 'ಥ್ಯಾಂಕ್ಯೂ ಡಿಯರ್, ಸೂಪರ್ ಆಗಿತ್ತು' ಅನ್ನೋರು, ಅವರಿಗೆ ಅದರ ಬಗ್ಗೆ ಹೆಮ್ಮೆ. ಹೆಂಡತಿ ಹೇಳಿದ್ದು, 'ಮೇಡಂ, ಆ ಥ್ಯಾಂಕ್ಯೂ ಕೇಳ್ದಾಗೆಲ್ಲ ತಟ್ಟೆ ಎಸೀಬೇಕು ಅನ್ಸುತ್ತೆ, ಹತ್ತು ವರ್ಷದಲ್ಲಿ ಆ ತಟ್ಟೆ ಸಿಂಕಿಗೆ ಹಾಕಿಲ್ಲ ಇವ್ರು.'

ಹಂಚ್ಕೋಬೇಕಾದ ಕೆಲಸದ ಬದಲಿಗೆ ಥ್ಯಾಂಕ್ಸ್ ಬಂದ್ರೆ ಅದು ಟಿಪ್ಸ್ ಥರ. ಹಾಗಾಗಿ ನಿಮ್ಮ ಕೊನೇ ಪ್ರಶ್ನೆಗೆ ನನ್ನ ಉತ್ತರ, ಹಕ್ಕು ಇದೆ, ಆದ್ರೆ ಕೇಳೋದನ್ನ ಸರಿಯಾಗಿ ಕೇಳಿ. ಮಕ್ಕಳೆಲ್ಲ ಕೃತಜ್ಞರಾಗ್ಲಿ ಅಂತ ಬಾಟಲಿ ಇಟ್ಟು, ಒಳಗೊಳಗೇ ಯಾರಾದ್ರೂ ನನ್ನ ಹೆಸರು ಬರೀತಾರಾ ಅಂತ ಕಾಯೋದು ನಿಮಗೂ ಹಿಂಸೆ, ಅವ್ರಿಗೂ ಅರ್ಥ ಆಗಲ್ಲ. 'ನನಗೆ ಸುಸ್ತಾಗಿದೆ. ಸೋಮವಾರದಿಂದ ಬೆಳಗ್ಗೆ ಡಬ್ಬಿ ಕಟ್ಟೋದು ನಿಮ್ದು, ರಾತ್ರಿ ಮುಸುರೆ ತಿಕ್ಕೋದು ನೀವೂ ಮಗನೂ ಸರದಿ ಮೇಲೆ' ಅಂತ ಮನೆಯವ್ರ ಹತ್ರ ಮುಖಾಮುಖಿ ಹೇಳಿ, ಫೋನ್ ಕೆಳಗಿಡಿಸಿ. ಇದರಲ್ಲಿ ರಿಸ್ಕ್ ಇಲ್ಲ ಅಂತಲ್ಲ, ಮೊದಲ ವಾರ ಜಗಳ ಆಗುತ್ತೆ, ಡಬ್ಬೀಲಿ ಚಪಾತಿ ಒಣಗಿರುತ್ತೆ, ಅತ್ತೆಗೆ ಮಗ ಪಾತ್ರೆ ತೊಳೆಯೋದು ನೋಡೋಕಾಗ್ದೆ ತಾವೇ ಎದ್ದು ಹೋಗ್ಬಹುದು. ತಡ್ಕೊಳ್ಳಿ. ನೀವು ಅಡ್ಡ ಬಂದು ಸರಿ ಮಾಡ್ಲಿಲ್ಲ ಅಂದ್ರೆ ಮೂರ್ನಾಲ್ಕು ವಾರದಲ್ಲಿ ಒಂದು ಲಯಕ್ಕೆ ಬರೋದನ್ನ ನಾನು ಎಷ್ಟೋ ಮನೇಲಿ ನೋಡಿದೀನಿ, ಅಡ್ಡ ಬಂದ್ರೆ ಬರಲ್ಲ.

ಇದರಿಂದ ಇನ್ನೊಂದು ಲಾಭ ಇದೆ. ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಗಂಡ ಹೆಂಡತಿ ಇಬ್ರನ್ನೂ ಬೇರೆ ಬೇರೆ ಕೂರಿಸಿ, ಮನೆಯ ಯಾವ್ಯಾವ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದ್ರು. ಇಬ್ರ ಉತ್ತರ ಕೂಡಿಸಿದ್ರೆ ನೂರು ದಾಟ್ತಿತ್ತು. ಸುಳ್ಳು ಹೇಳ್ತಿರ್ಲಿಲ್ಲ, ತಾನು ಮಾಡಿದ್ದು ಮೈಗೆ ನೆನಪಿರುತ್ತೆ, ಇನ್ನೊಬ್ರು ಮಾಡಿದ್ದು ಕಣ್ಣಿಗೇ ಬಿದ್ದಿರಲ್ಲ. ನಿಮ್ಮ ಮನೆಯವ್ರು 'ಎಲ್ಲದಕ್ಕೂ ಥ್ಯಾಂಕ್ಸ್' ಅನ್ನೋದು ಇದಕ್ಕೇ, ಆ 'ಎಲ್ಲ'ದಲ್ಲಿ ಏನೇನಿದೆ ಅಂತ ಅವರಿಗೆ ಗೊತ್ತಿಲ್ಲ. ಐದೂವರೆಗೆ ಎದ್ದು ನಾಲ್ಕು ಡಬ್ಬಿ ತಾವೇ ಕಟ್ಟಿದ ದಿನ ಗೊತ್ತಾಗುತ್ತೆ. ನಿಮಗೂ ಕಾಣದೇ ಇರೋದು ಇರ್ಬಹುದು, ಕರೆಂಟ್ ಬಿಲ್ಲು, ಸ್ಕೂಲ್ ಫೀಸಿನ ತಲೆಬಿಸಿ, ಗಾಡಿ ಸರ್ವೀಸು, ಅತ್ತೆ ಮಾತ್ರೆ, ಪಟ್ಟಿ ಮಾಡಿದ್ರೆ ತಿಳಿಯುತ್ತೆ. ಇರ್ದೇನೂ ಇರ್ಬಹುದು.

ಇಷ್ಟಾದ್ಮೇಲೆ ಮನೇಲಿ ಏನಾದ್ರೂ ಒಂದು ಇರ್ಲಿ ಅನ್ಸಿದ್ರೆ ದಾರಿಗಳಿವೆ. ಏನೂ ಮಾಡದೆ ಬಿಡೋದೂ ಒಂದು ದಾರಿ, ಅದಕ್ಕೆ ನಾಚ್ಕೋಬೇಡಿ. ವಾರಕ್ಕೊಂದ್ಸಲ ಇಟ್ಕೋಬಹುದು, ಭಾನುವಾರ ತಿಂಡಿ ಹೊತ್ತಲ್ಲಿ, ಬರೆಯೋದು ಬೇಡ, ಸರದಿ ಬೇಡ, ಹೇಳ್ಬೇಕು ಅನ್ಸಿದವ್ರು ಹೇಳೋದು, ಇಲ್ಲದವ್ರು ದೋಸೆ ತಿನ್ನೋದು. ಇದರ ಕಷ್ಟ ಏನಂದ್ರೆ ಕೆಲವು ವಾರ ಯಾರೂ ಏನೂ ಹೇಳಲ್ಲ, ಆ ಮೌನ ತಡ್ಕೊಳ್ಳೋ ಶಕ್ತಿ ನಿಮಗೆ ಬೇಕು. ಮಕ್ಕಳಿಗೆ ಹಿಡಿಸೋದು ಮಾತ್ರ 'ಇದು ಇಲ್ದೇ ಇದ್ದಿದ್ರೆ' ಆಟ. 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಜೊತೆಗಾರರು ತೋರಿಸಿದ್ದು ಇದು, ನಮ್ಮ ಹತ್ರ ಇರೋ ಒಳ್ಳೇದನ್ನ ಎಣಿಸೋದಕ್ಕಿಂತ ಅದು ಆಗ್ದೇ ಹೋಗಿದ್ರೆ ಹೇಗಿರ್ತಿತ್ತು ಅಂತ ಯೋಚಿಸಿದವ್ರ ಮನಸ್ಸು ಹೆಚ್ಚು ಹಗುರವಾಯ್ತು. ಅಭ್ಯಾಸ ಆಗಿಹೋದ ಸುಖ ನಮಗೆ ಕಾಣೋದೇ ಇಲ್ಲ, ಸಿಲಿಂಡರ್ ಮುಗಿದ ದಿನ ಗ್ಯಾಸ್ ಇತ್ತು ಅಂತ ಗೊತ್ತಾಗೋದು, ನೀರಿನ ಟ್ಯಾಂಕರ್ ಬರ್ದಿದ್ದ ದಿನ ನಲ್ಲಿ ನೆನಪಾಗೋದು. ಅಜ್ಜಿ ಊರಿಂದ ಬರ್ದೇ ಇದ್ದಿದ್ರೆ ಅಂತ ಮಗಳನ್ನ ಕೇಳಿ, ಅವಳು ಶೇಂಗಾ ಹೋಳಿಗೆಯಿಂದ ಶುರು ಮಾಡ್ತಾಳೆ. ಆದ್ರೆ ಆತಂಕ ಜಾಸ್ತಿ ಇರೋ ಮಗು ಆದ್ರೆ ಈ ಆಟ ಬೇಡ, 'ಅಮ್ಮ ಇಲ್ದಿದ್ರೆ' ಅನ್ನೋ ಕಡೆ ಹೋಗಿ ರಾತ್ರಿ ನಿದ್ದೆ ಕೆಡಿಸ್ಕೊಳ್ಳುತ್ತೆ, ವಸ್ತು ಊರು ಘಟನೆಗಳಿಗೆ ಮಾತ್ರ ಇಟ್ಕೊಳ್ಳಿ. ನಿಮಗೇ ಬರೆಯೋದು ಇಷ್ಟ ಇದ್ರೆ ನೀವೊಬ್ರೇ ಬರ್ಕೊಳ್ಳಿ, ವಾರಕ್ಕೊಂದ್ಸಲ, ಯಾರಿಗೂ ತೋರಿಸ್ದೆ, ಅದರಲ್ಲಿ ತಪ್ಪೇನಿಲ್ಲ.

ಎಲ್ಲಕ್ಕಿಂತ ಕೆಲಸ ಮಾಡೋದು, ನಾನು ನೋಡಿದ ಮಟ್ಟಿಗೆ, ದೊಡ್ಡವ್ರು ನಿರ್ದಿಷ್ಟವಾಗಿ ನೋಡಿ ಹೇಳೋದು. 'ಥ್ಯಾಂಕ್ಸ್ ಕಣೋ' ಬೇಡ, 'ಹಾಲು ತಂದಿಟ್ಟು ಫ್ರಿಜ್ ಬಾಗ್ಲು ಹಾಕಿದ್ಯಲ್ಲ, ನಾನು ಬರೋಷ್ಟೊತ್ತಿಗೆ ಹಾಳಾಗ್ತಿತ್ತು' ಅನ್ನಿ, ಅಷ್ಟೇ ಅಂದು ಮುಂದೆ ಹೋಗಿ. ಅದಕ್ಕೆ ಉತ್ತರ ಕಾಯ್ಬೇಡಿ, 'ನೀನೂ ಹೀಗೆ ಹೇಳ್ಬೇಕು' ಅನ್ನೋ ಬಾಲ ಅಂಟಿಸ್ಬೇಡಿ, ಮಕ್ಕಳು ಆ ಬಾಲನ ಮೈಲಿ ದೂರದಿಂದ ವಾಸನೆ ಹಿಡೀತಾರೆ.

ಒಂದು ಮಾತು ನಿಮಗಲ್ಲ, ಇದನ್ನ ಓದ್ತಿರೋ ಬೇರೆಯವ್ರಿಗೆ. ಮನೇಲಿ ಕುಡಿತ ಇದ್ರೆ, ಹೊಡೆತ ಇದ್ರೆ, ದುಡ್ಡು ಕಿತ್ಕೊಳ್ಳೋದು ಇದ್ರೆ, ಅಲ್ಲಿ ಕೃತಜ್ಞತೆ ಅಭ್ಯಾಸ ಮಾಡೋಕೆ ಹೋಗ್ಬೇಡಿ. 'ಇರೋದ್ರಲ್ಲಿ ತೃಪ್ತಿ ಪಡು, ಎಷ್ಟೋ ಜನಕ್ಕೆ ಇದೂ ಇಲ್ಲ' ಅನ್ನೋದನ್ನ ನಮ್ಮ ಹೆಣ್ಮಕ್ಕಳಿಗೆ ಹೇಳಿ ಹೇಳಿ ಎಷ್ಟು ವರ್ಷ ಬಾಯಿ ಮುಚ್ಚಿಸಿದೀವಿ ಅನ್ನೋದು ಗೊತ್ತಲ್ಲ, ಹೊಸ ಬಾಟಲೀಲಿ ಅದೇ ಹಳೇ ಕಷಾಯ ಆಗ್ಬಾರ್ದು. ಅಂಥ ಮನೆಯವ್ರು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಎರಡು ವಾರದಿಂದ ಯಾವುದ್ರಲ್ಲೂ ಮನಸ್ಸೇ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಒಂದೂ ಒಳ್ಳೇದು ನೆನಪಾಗ್ತಿಲ್ಲ ಅನ್ನೋರಿಗೂ ಈ ಡೈರಿ ಬೇಡ, ಬರೆಯೋಕೆ ಕೂತು ಏನೂ ಹೊಳೀದೆ ನಾನೆಷ್ಟು ಕೃತಘ್ನ ಅಂತ ಇನ್ನಷ್ಟು ಕುಸೀತಾರೆ. ಅದಕ್ಕೆ ಡಾಕ್ಟರ ಹತ್ರ ಹೋಗ್ಬೇಕು, ಯಾರ ಹತ್ರ ಹೋಗ್ಬೇಕು ಗೊತ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಿಲ್ಲ.

ಬಾಟಲಿ ಏನು ಮಾಡ್ಲಿ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಚೀಟಿ ಎಲ್ಲಾ ಒಂದು ಕವರಲ್ಲಿ ಹಾಕಿ ಬೀರುವಲ್ಲಿಡಿ, ವೈಫೈ ಚೀಟಿ ಸೇರಿಸಿ, ಅವನ ಮದುವೇಲಿ ಉಪಯೋಗಕ್ಕೆ ಬರುತ್ತೆ. ಬಾಟಲಿ ತೊಳೆದು ಅತ್ತೆಗೆ ಕೊಡಿ, ಶೇಂಗಾ ಚಟ್ನಿಪುಡಿ ಹಾಕಿಡೋಕೆ. ಮತ್ತೆ ಈ ವಾರ ಯಾವತ್ತಾದ್ರೂ ಮಗನ ಜೊತೆ ಇಬ್ರೇ ಇರೋವಾಗ, ಗಾಡೀಲಿ ಟ್ಯೂಷನ್ನಿಗೆ ಬಿಡೋಕೆ ಹೋಗ್ತಾ ಇರ್ತೀರಲ್ಲ ಅಂಥ ಹೊತ್ತು ಒಳ್ಳೇದು, ಮುಖ ನೋಡೋ ಮುಜುಗರ ಇರಲ್ಲ, ಆ ಜ್ವರದ ದಿನದ ಅನ್ನದ ವಿಷಯ ಎತ್ತಿ. ತಿಂಗಳಾಯ್ತು ಅಂತ ಯೋಚಿಸ್ಬೇಡಿ. ಒಂದು ಲೋಟ ಅಕ್ಕಿಗೆ ಎಷ್ಟು ನೀರು ಅಂತ ಆಮೇಲೆ ಬೇರೆ ದಿನ ಹೇಳಿಕೊಟ್ರಾಯ್ತು, ಅವತ್ತು ಬೇಡ.